ಕಾಗದದ ಸೊಸೆ

ಒನಕೆ ಎತ್ತಿದವಳು ಎತ್ತಿದ ಹಾಗೇ ನಿಂತುಬಿಟ್ಟಳು ಹೊಳಿಯಮ್ಮ. ಬಲಭುಜ ಹಿಡಿದುಕೊಂಡಿತ್ತು. ಒರಳಿನೊಳಗೆ ನಾಲ್ಕು ದಿನ ನೀರುಂಡ ಕಾಗದ ಮೆಂತೆಕಾಳಿನ ಜೊತೆ ಅರೆಬರೆ ನುರಿದು ಬಿದ್ದಿತ್ತು. ನುರಿಯದ ಚೂರುಗಳ ಮೇಲೆ ಕಚೇರಿಯ ಉರ್ದು ಅಕ್ಷರ ಇನ್ನೂ ಕಾಣುತ್ತಿತ್ತು. ಅದು ಬೆಣ್ಣೆಯಂತಾಗಲು ಇನ್ನೂ ನೂರು ಏಟಾದರೂ ಬೇಕು.

"ದುರುಗಿ, ಒಂದೀಟು ಕೈ ಹಚ್ಚವಾ. ತೋಳು ಮ್ಯಾಲೆ ಏಳವಲ್ದು."

ಮಗಳು ದುರುಗವ್ವ ಹೊಸ್ತಿಲ ಒಳಗೆ ಗೋಡೆಗೊರಗಿ ಕೂತಿದ್ದಳು. ಎದ್ದಳು, ಆದರೆ ಒರಳಿನ ಕಡೆ ಬರಲಿಲ್ಲ. ಮೂಲೆಯ ಕೊಡ ಎತ್ತಿಕೊಂಡಳು.

"ನೀರು ತರ್ತೀನಿ. ಹೊಲಕ್ಕ ಕೂಲಿಗೆ ಅಂದ್ರ ಹೋಗ್ತೀನಿ. ಆ ಕಾಗದ ಅಷ್ಟ ನಾ ಮುಟ್ಟಂಗಿಲ್ಲ ಯವ್ವಾ."

ಹೊಳಿಯಮ್ಮನಲ್ಲಿ ಬೈಯುವಷ್ಟು ತ್ರಾಣ ಉಳಿದಿದ್ದರೆ ಅದನ್ನು ಒನಕೆಗಾದರೂ ಹಾಕಬಹುದಿತ್ತು. ಎಡಗೈಯನ್ನು ಮೇಲೆ ಮಾಡಿ ಹಿಡಿದು ಮತ್ತೆ ಕುಟ್ಟತೊಡಗಿದಳು.

ಕುಕನೂರಿನ ಆ ಓಣಿಯಲ್ಲಿ ಕಾಗದದ ಬುಟ್ಟಿ ಅಂದರೆ ಹೊಳಿಯಮ್ಮ, ಹೊಳಿಯಮ್ಮ ಅಂದರೆ ಕಾಗದದ ಬುಟ್ಟಿ. ಪಕ್ಕದ ಮನೆಯ ಕಾಸೀಮಬೀಯ ಗಂಡ ಯಲಬುರ್ಗಾದ ಕಚೇರಿಯಲ್ಲಿ ಜವಾನ. ವಾರಕ್ಕೊಮ್ಮೆ ಊರಿಗೆ ಬರುವಾಗ ಅಲ್ಲಿ ಹರಿದು ಚೆಲ್ಲಿದ ಕಾಗದವನ್ನು ಚೀಲದಲ್ಲಿ ತುಂಬಿ ತರುತ್ತಿದ್ದ. ಅದನ್ನು ನೆನೆಸಿ ಕುಟ್ಟಿ, ಮಗುಚಿಟ್ಟ ಗಡಿಗೆಯ ಬೆನ್ನಿಗೆ ಬೂದಿ ಸವರಿ, ಮೇಲೆ ಬೆರಳುದಪ್ಪ ಮೆತ್ತಿ ಬಿಸಿಲಿಗಿಟ್ಟರೆ ಆರೇಳು ದಿನಕ್ಕೆ ಗಡಿಗೆಯಿಂದ ಬುಟ್ಟಿ ಕಳಚಿಕೊಳ್ಳುತ್ತದೆ. ಅದಕ್ಕೆ ಹುಣಸೆಬೀಜದ ಅಂಟು, ಕೆಮ್ಮಣ್ಣು, ಸುಣ್ಣದ ಚುಕ್ಕಿ. ಮೆಂತೆಯ ಕಹಿಗೆ ಇಲಿ ಬಾಯಿ ಹಾಕುವುದಿಲ್ಲ. ಬಿಸಿ ರೊಟ್ಟಿ ಪೇರಿಸಿಟ್ಟರೂ ಬೆವರುವುದಿಲ್ಲ. ನೆಟ್ಟಗೆ ಬಳಸುವವರ ಮನೆಯಲ್ಲಿ ಹತ್ತು ವರ್ಷ ಬಾಳುತ್ತದೆ. ಬೆಲೆ ಅಂದರೆ ಆ ಬುಟ್ಟಿ ಹಿಡಿಯುವಷ್ಟು ಜೋಳ, ಅಷ್ಟೇ. ಆಕೆ ಮಾಡಿದ ಬುಟ್ಟಿಯೇ ಆಕೆಯ ಕೂಲಿ ಅಳೆದುಕೊಡುತ್ತಿತ್ತು.

ಆಮೇಲೆ ಗದಗಿನ ಪೇಟೆಯಿಂದ ಜರ್ಮನ್ ಬಂತು. ಅಲ್ಯುಮಿನಿಯಂ ಅನ್ನುವ ಮಾತಿಗೆ ಆ ಸೀಮೆಯವರ ನಾಲಿಗೆ ಇನ್ನೂ ಹೊರಳುತ್ತಿರಲಿಲ್ಲ. ಮಾರುವವನು ಜರ್ಮನ್ ಅಂದ, ಕೊಂಡವರೂ ಜರ್ಮನ್ ಅಂದರು. ಎತ್ತಿದರೆ ಹಗುರ, ಬೂದಿ ಹಚ್ಚಿ ತಿಕ್ಕಿದರೆ ಬೆಳ್ಳಿ, ಬಿದ್ದರೆ ನೆಗ್ಗು. ಒಂದು ಬೋಗಾಣಿ ಕೊಂಡವಳಿಗೆ ಅದರ ಒಳಗೆ ಕೂಡುವಂಥ ಇನ್ನೊಂದು ಬೇಕು, ಅದರೊಳಗೆ ಮತ್ತೊಂದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗೆ, ಹಿಟ್ಟಿಲ್ಲದ ಮನೆಗಳಲ್ಲೂ ಹಿಟ್ಟಿನ ಡಬ್ಬಿಗಳು ಥಳಥಳಿಸಿದವು. ಹೊಳಿಯಮ್ಮನ ಬಾಗಿಲಿಗೆ ಬರುವವರು ಕಮ್ಮಿಯಾದರು.

ಅದನ್ನಾದರೂ ಆಕೆ ತಾಳಿಕೊಂಡಾಳು. ಚೈತ್ರದಲ್ಲಿ ಮಗಳನ್ನು ಇಟಗಿಗೆ ಕೊಟ್ಟಿದ್ದಳು. ಹೊಳಿಯಮ್ಮನ ಗಂಡ ಗ್ಯಾನಪ್ಪ ದೂರದ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು, ವರ್ಷಕ್ಕೆ ಎರಡು ಸಲ ಊರಿಗೆ ಬಂದರೆ ಹೆಚ್ಚು. ಮದುವೆಗೆ ಹಿತ್ತಾಳೆಯದೊಂದು ಚರಿಗೆ ಕೊಟ್ಟರು. ಉಳಿದದ್ದಕ್ಕೆ ಹೊಳಿಯಮ್ಮ ತನ್ನ ಕೈಯಿಂದ ಮೂರು ಬುಟ್ಟಿ ಮಾಡಿದಳು. ಚುಕ್ಕಿ ಇಟ್ಟದ್ದು ದುರುಗವ್ವ. ಬುಟ್ಟಿಯ ಹಸಿ ಅಂಚಿಗೆ ಬಾಚಣಿಗೆ ಒತ್ತಿ ತೆನೆಯ ಗೆರೆ ಎಳೆದದ್ದೂ ಅವಳೇ. ಅಂಥ ಬುಟ್ಟಿಯನ್ನು ಹೊಳಿಯಮ್ಮ ಜನ್ಮದಲ್ಲಿ ಮಾಡಿರಲಿಲ್ಲ.

ಇಟಗಿಯಲ್ಲಿ ಬೀಗತಿ ಮುದುಕವ್ವ ಅವನ್ನು ನೋಡಿ ತುಟಿ ಬಿಚ್ಚಲಿಲ್ಲ. ಬಿಚ್ಚಿದವರು ನೆರೆಮನೆಯವರು. "ಎಲ್ಲಾರ ಮನಿಗೆ ಜರ್ಮನ್ ಬಂತು, ನಿಮ್ಮನಿಗೆ ಕಾಗದದ ಸೊಸಿ ಬಂದ್ಲು ಬಿಡು" ಅಂದರು. ಊರ ಬಾಯಿಗೆ ಮುಚ್ಚಳ ಎಲ್ಲಿಯದು? ಬಾವಿಯ ದಂಡೆಯಲ್ಲಿ ದುರುಗವ್ವನ ಹೆಸರು ಕಾಗದದ ಸೊಸಿ ಅಂತಲೇ ಆಯಿತು. ಆ ಅವಮಾನವನ್ನು ಮುದುಕವ್ವ ಸೊಸೆಯ ಲೆಕ್ಕಕ್ಕೇ ಹಚ್ಚಿದಳು. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ರೂಢಿ. ದುರುಗವ್ವನೂ ಬಂದಳು. ಹಬ್ಬ ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಯಾರೂ ಬರಲಿಲ್ಲ. ಹದಿನೈದು ದಿನದ ಮೇಲೆ ಒಂದು ಮಾತು ಬಂತು: ಐದು ಜರ್ಮನ್ ಬೋಗಾಣಿ ಇದ್ದರೆ ಹೇಳಿ ಕಳಿಸಿರಿ, ಗಾಡಿ ಹೂಡುತ್ತೇವೆ.

ಗಣಪತಿ ಹಬ್ಬ ಹೋಯಿತು. ಜೋಕುಮಾರನ ಹುಣ್ಣಿಮೆಯೂ ಹೋಯಿತು. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಇನ್ನೂ ಕರಿಯಾಕ ಬಂದಿಲ್ಲೇನ ಹೊಳಿಯಕ್ಕ?" ಎಂದು ಕೇಳುತ್ತಿದ್ದರು. ಮೊದಲು "ಬರ್ತಾರ" ಅನ್ನುತ್ತಿದ್ದ ಹೊಳಿಯಮ್ಮ ಈಗ ಒನಕೆಯ ಸದ್ದು ಜೋರು ಮಾಡುತ್ತಿದ್ದಳು. ಕೊಟ್ಟ ಮಗಳು ಕಟ್ಟೆಯ ಮೇಲೆ ಕೂತರೆ ತಾಯಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಐದು ಬೋಗಾಣಿ ತರುವ ದಾರಿ ಇರಲಿಲ್ಲ. ಇದ್ದ ಒಂದು ಆಡು ಪಂಚಮಿಯ ಹಿಂದೆಯೇ ಸತ್ತಿತ್ತು.

ತಳವಾರ ಓಬಳೆಪ್ಪ ಡಂಗುರ ಹೊಡೆದದ್ದು ಆ ದಿನಗಳಲ್ಲೇ.

"ಕೇಳ್ರಪ್ಪೋ ಕೇಳ್ರೀ! ಸರ್ಕಾರಕ್ಕೂ ಜರ್ಮನ್‌ಗೂ ಲಡಾಯಿ ಹತ್ತೈತಿ! ಇವತ್ತಿಂದ ಮನಿಯಾಗ ಜರ್ಮನ್ ಇಟಗೊಂಡವ್ರಿಗೆ ಸಜಾ ಐತೀ!"

ಇಷ್ಟೇ ಹೇಳಿ ಡಬಡಬ ಹೊಡೆದು ಮುಂದಿನ ಓಣಿಗೆ ಹೋದ. ಆಮೇಲೆ ಒಂದೊಂದೇ ಮನೆಯಿಂದ ಟಣಟಣ ಸದ್ದು ಶುರುವಾಯಿತು. ಬೋಗಾಣಿ, ಡಬ್ಬಿ, ಪರಾತ, ಎಲ್ಲ ಸೆರಗಿನಡಿ ಸೇರಿ ಹಿತ್ತಲ ಕಡೆ ನಡೆದವು. ಕೆಲವರು ಜೋಳ ತುಂಬುವ ಹಗೇವಿನ ಬಾಯಿ ತೆಗೆದು ಒಳಗಿಳಿಸಿದರು. ಕೆಲವರು ತಿಪ್ಪೆಯಲ್ಲಿ ಹೂತರು. ಅತ್ತೆಗೂ ಹೇಳದೆ ಸೊಸೆ, ಸೊಸೆಗೂ ಹೇಳದೆ ಅತ್ತೆ ಬಚ್ಚಿಟ್ಟು, ಎರಡು ದಿನ ಒಬ್ಬರನ್ನೊಬ್ಬರು ಕಳ್ಳಿ ಅಂದುಕೊಂಡ ಮನೆಯೂ ಇತ್ತು.

ಬಚ್ಚಿಟ್ಟದ್ದೇನೋ ಆಯಿತು, ಹಿಟ್ಟು ಎಲ್ಲಿ ಹಾಕಬೇಕು? ರೊಟ್ಟಿ ಎಲ್ಲಿಡಬೇಕು? ಮರುದಿನ ಹೊತ್ತು ಏರುವ ಮೊದಲೇ ಹೊಳಿಯಮ್ಮನ ಅಂಗಳದಲ್ಲಿ ಏಳು ಮಂದಿ ಹೆಂಗಸರು ಕೂತಿದ್ದರು. "ಹೊಳಿಯಕ್ಕ, ನಂಗ ಮೊದಲ" ಅಂತ ಒಬ್ಬಳು. "ಆಕಿ ಬರೂಕಿಂತ ಮುಂಚೆ ನಾ ಬಂದೀನಿ" ಅಂತ ಇನ್ನೊಬ್ಬಳು. ಒಂದು ವರ್ಷದಿಂದ ಆ ಅಂಗಳ ತುಳಿಯದವರೆಲ್ಲ ತಮ್ಮ ತಮ್ಮ ಗಡಿಗೆಯನ್ನೇ ಅಳತೆಗೆ ಹೊತ್ತು ತಂದಿದ್ದರು. ಹೊಳಿಯಮ್ಮನಿಗೆ ನಗು ಬರಬೇಕಿತ್ತು. ಆದರೆ ಒರಳನ್ನು ನೋಡಿ ಭುಜ ಮೊದಲೇ ನೋಯಿತು.

ಅಂದು ಮಧ್ಯಾಹ್ನ ಆಕೆ ಮೂರನೆಯ ಸಲ ಒನಕೆ ಕೆಳಗಿಟ್ಟಾಗ ದುರುಗವ್ವ ಎದ್ದು ಬಂದಳು. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಒನಕೆ ತೆಗೆದುಕೊಂಡಳು. ಅವಳ ಏಟಿಗೆ ಕಾಗದ ಸಂಜೆಯೊಳಗೆ ನುಣ್ಣಗಾಯಿತು. ಅದನ್ನು ಮುಷ್ಟಿಯಲ್ಲಿ ಹಿಂಡಿ ಗಡಿಗೆಯ ಬೆನ್ನಿಗೆ ತಟ್ಟುತ್ತ ಕೂತಾಗ ಮಗಳ ಮುಖದಲ್ಲಿ ಎರಡು ತಿಂಗಳಿಂದ ಕಾಣದ ಒಂದು ನೆಮ್ಮದಿ ಕಂಡು ಹೊಳಿಯಮ್ಮನ ಕಣ್ಣು ತುಂಬಿತು.

"ಇನ್ನೂ ತೆಳ್ಳಗ ತಟ್ಟವಾ. ದಪ್ಪ ಆದ್ರ ಬಿರಿತೈತಿ."

"ನಂಗ ಗೊತ್ತೈತಿ ಬಿಡು ಯವ್ವಾ. ನೀ ಒಂದೀಟು ಅಡ್ಡಾಗು."

ಸಂತೆಯ ದಿನ ಇಟಗಿಯಿಂದ ಮೆಣಸಿನಕಾಯಿ ತಂದವನೊಬ್ಬ ಬಾಗಿಲಿಗೆ ಬಂದು ಸುದ್ದಿ ಮುಟ್ಟಿಸಿದ. ಅಲ್ಲೂ ಡಂಗುರ ಆಗಿದೆ, ಅಲ್ಲೂ ಜರ್ಮನ್ ಎಲ್ಲ ಹಗೇವು ಸೇರಿದೆ. ಮುದುಕವ್ವ ಮಹಾನವಮಿಯ ಅಮಾವಾಸ್ಯೆ ಕಳೆದು ಐದನೇ ದಿನ ಸೊಸೆಯನ್ನು ಕರೆಯಲು ಬರುತ್ತಾಳೆ. ಬೋಗಾಣಿ ಬೇಡವಂತೆ, ಬುಟ್ಟಿ ಇದ್ದರೆ ಸಾಕಂತೆ.

ಹೊಳಿಯಮ್ಮ ಅವನಿಗೆ ಮಜ್ಜಿಗೆ ಕೊಟ್ಟಳು, ಎಲೆ ಅಡಿಕೆ ಕೊಟ್ಟಳು, ಇನ್ನೇನು ಕೊಡಲಿ ಎಂದು ಮನೆಯೆಲ್ಲ ನೋಡಿದಳು. ಅವನು ಹೋದ ಮೇಲೆ ಗೋಡೆ ಹಿಡಿದು ಕೂತಳು. ಯಾವ ದೇವರಿಗೆ ಕೈ ಮುಗಿಯಬೇಕೋ ತಿಳಿಯದೆ ಜರ್ಮನ್‌ಗೇ ಮುಗಿದಳು.

ಕಾಸೀಮಬೀ ಬಂದದ್ದು ಅದಾದ ಮರುದಿನ ಸಂಜೆ. ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಲೇ ಬಂದಳು.

"ಅಲ್ಲಾ, ಹೊಳಿಯಕ್ಕ! ನಮ್ಮನಿಯವರು ಬಂದಾರ, ಕೇಳಿ ಹೊಟ್ಟಿ ಹುಣ್ಣಾಗೂವಂಗ ನಕ್ಕರು. ಜರ್ಮನ್ ಅಂದ್ರ ಮುಲ್ಕಂತ. ಸಮುದ್ರದ ಆಚೆ ಇರೂ ದೇಶ. ಅಲ್ಲಿ ಮಂದಿಗೆ ನಮ್ಮ ಸರ್ಕಾರದವರ ಜೋಡಿ ಲಡಾಯಿ. ಆ ದೇಶದ ಮನಶಾ ಯಾರಾರ ಬಂದ್ರ ಮನಿಯಾಗ ಇಟಗೋಬ್ಯಾಡ್ರಿ ಅಂತ ಹುಕುಂ ಬಂದೈತಿ. ಓಬಳೆಪ್ಪ ಅದನ್ನ ಗಿಡ್ಡ ಮಾಡಿ ಒದರ್ಯಾನ! ಭಾಂಡಿಗೂ ಅದಕ್ಕೂ ಸಂಬಂಧನ ಇಲ್ಲ."

ಗಡಿಗೆಯ ಮುಂದೆ ಕೂತಿದ್ದ ದುರುಗವ್ವನ ಕೈ ನಿಂತಿತು. ಹೊಳಿಯಮ್ಮ ಎದ್ದು ಹೋಗಿ ಕಾಸೀಮಬೀಯ ಎರಡೂ ಕೈ ಹಿಡಿದುಕೊಂಡಳು.

"ಯಾರಿಗೆ ಹೇಳಿದಿ ಇದನ್ನ?"

"ನಿನಗ ಮೊದಲ. ಈಗ ಓಣ್ಯಾಗ ಹೇಳಿ ಬರ್ತೀನಿ, ಪಾಪ ಹಗೇವಿನ್ಯಾಗ ಇಳ್ದು ಸಾಯಾಕ ಹತ್ಯಾರ."

"ಬ್ಯಾಡ ನಮ್ಮವ್ವ. ಮೂರು ದಿನ. ಬೀಗತಿ ಬಂದು ಕರಕೊಂಡು ಹೋಗಲಿ. ಆಮ್ಯಾಲ ನೀನ ಡಂಗುರ ಹೊಡಿ. ನಿನ್ನ ಕಾಲು ಹಿಡೀತೀನಿ."

ಕಾಸೀಮಬೀಯ ನಗು ಆರಿಹೋಯಿತು. ಅವಳೂ ಎರಡು ಹೆಣ್ಣು ಕೊಟ್ಟವಳು. ದುರುಗವ್ವನ ಕಡೆಗೊಮ್ಮೆ ನೋಡಿ, "ನಮ್ಮನಿಯವರ ಬಾಯಿಗೂ ಬೀಗ ಹಾಕ್ತೀನಿ, ಹೋಗು" ಅಂದಳು. ಹೋಗುತ್ತ ಹೋಗುತ್ತ, "ಗೊತ್ತಾದ ಮ್ಯಾಲ ಹುಡುಗಿ ಪಾಡೇನು ಅಕ್ಕ?" ಎಂದು ಕೇಳಿದಳು. ಹೊಳಿಯಮ್ಮ ಅದು ಕೇಳಿಸದವಳಂತೆ ಒಲೆಯ ಮುಂದೆ ಕೂತಳು.

ಅವಳಿಗೆ ಒಂದೇ ಲೆಕ್ಕ. ಕರೆಯಲು ಬಂದವರು ಮನೆಯಲ್ಲಿ ಉಂಡು, ಹೆಣ್ಣಿನ ಉಡಿ ತುಂಬಿದ ಮೇಲೆ ಅವಳನ್ನು ಬಿಟ್ಟು ಹೋಗುವಂತಿಲ್ಲ. ತುಂಬಿದ ಉಡಿ ಇಳಿಸಿದರೆ ಎರಡೂ ಮನೆಗೆ ಕೇಡು. ಮುದುಕವ್ವ ಎಷ್ಟೇ ಗಟ್ಟಿಯವಳಾದರೂ ಅದಕ್ಕೆ ಹೆದರಿಯೇ ಹೆದರುತ್ತಾಳೆ. ಸುಳ್ಳು ಹೇಳಬೇಕಿಲ್ಲ, ಒಂದು ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಮಗಳಿಗೂ ಹಾಗೇ ಹೇಳಿದಳು. ಮಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೂರು ದಿನ ಬುಟ್ಟಿಗೆ ಚುಕ್ಕಿ ಇಟ್ಟಳು.

ಹೇಳಿದ ದಿನಕ್ಕೆ ಗಾಡಿ ಬಂತು. ಹೊಡೆದುಕೊಂಡು ಬಂದವನು ಅಳಿಯ ಯಮನೂರಪ್ಪ. ಅವ್ವನ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ ಅನ್ನುವ ಮನುಷ್ಯ. ಎತ್ತಿಗೆ ಮೇವು ಹಾಕುವ ನೆಪದಲ್ಲಿ ಹೊರಗೇ ಉಳಿದ. ಮುದುಕವ್ವ ಇಳಿದಳು. ಚೈತ್ರದಲ್ಲಿ ಕಂಡದ್ದಕ್ಕಿಂತ ಇಳಿದುಹೋಗಿದ್ದಳು. ಕುಪ್ಪಸದ ತೋಳು ಸಡಿಲಾಗಿತ್ತು. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

"ಬರ್ರಿ ಬೀಗತಿ. ಕಾಲಿಗೆ ನೀರ ತಗೋರಿ."

"ಬಂದ್ವಿ ನೋಡ್ರಿ. ಊರಾಗ ಜರ್ಮನ್ ಗದ್ದಲ ಎದ್ದೈತಿ. ರೊಟ್ಟಿ ಇಡಾಕ ಒಂದು ಭಾಂಡಿ ಇಲ್ಲ. ನೀವು ಕೊಟ್ಟಿದ್ದು ಒಂದ ಬುಟ್ಟಿ ಉಳದೈತಿ, ಎರಡು ದನದ ಮನಿಯಾಗ ಹತ್ತಿಕಾಳಿಗೆ ಇಟ್ಟಿದ್ವಿ, ಎಮ್ಮಿ ತುಳದು ಹೋದು."

ದನದ ಮನೆಯಲ್ಲಿ ಅನ್ನುವ ಮಾತು ಹೊಳಿಯಮ್ಮನಿಗೆ ಚುಚ್ಚಿತು. ನುಂಗಿಕೊಂಡಳು. "ಆಗ್ಲೇಳ್ರಿ, ನಾಕು ಮಾಡೀವಿ, ತಗೊಂಡು ಹೋಗ್ರಿ" ಅಂದಳು. ಗಂಡ ಕಳಿಸಿದ ಗಂಗಾವತಿಯ ನುಚ್ಚಕ್ಕಿಯ ಅನ್ನ, ತೊಗರಿ ಕಟ್ಟಿನ ಸಾರು, ಎರಡು ಹೋಳಿಗೆ ಬಡಿಸಿದಳು. ಮುದುಕವ್ವ ಸೆರಗನ್ನು ಮುಂಗೈವರೆಗೆ ಎಳೆದುಕೊಂಡೇ ಉಂಡಳು. ಉಣ್ಣುವಾಗ ಒಂದೆರಡು ಸಲ ಕಣ್ಣೆತ್ತಿ ಸೊಸೆಯನ್ನು ನೋಡಿದಳು. ಬಿಸಿ ಅನ್ನ ಇನ್ನೊಂದಿಷ್ಟು ನೀಡಲು ಬಂದ ಸೊಸೆ ಅತ್ತೆಯ ಮುಖ ನೋಡಲಿಲ್ಲ. ಹೊಳಿಯಮ್ಮ ಬೀಗತಿಯ ಒಂದೊಂದು ತುತ್ತನ್ನೂ ಎಣಿಸುತ್ತಿದ್ದಳು. ಉಂಡದ್ದಾಯಿತು. ಇನ್ನು ಉಡಿ ಒಂದು.

ಬೇಗ ಬೇಗ ಕಂಬಳಿ ಹಾಸಿದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಐದು ಅಡಿಕೆ, ಅರಿಷಿಣದ ಕೊಂಬು, ಒಂದು ಖಣ ಇಟ್ಟುಕೊಂಡು ಬಂದಳು. ಕಾಸೀಮಬೀ ಬಾಗಿಲಿನಾಚೆ ಬಂದು ನಿಂತಿದ್ದಳು. ದುರುಗವ್ವ ಕಂಬಳಿಯ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂತಳು. ಸೆರಗು ಒಡ್ಡಬೇಕಾದವಳು ಎರಡೂ ಕೈಯಿಂದ ಸೆರಗನ್ನು ಮುದುಡಿ ಹಿಡಿದಳು.

"ಒಡ್ಡವಾ ಉಡಿ" ಅಂದಳು ಹೊಳಿಯಮ್ಮ.

"ತಡೀ ಯವ್ವಾ."

"ಏ, ಒಡ್ಡು! ಹೊತ್ತಾಗತೈತಿ, ದೂರ ಹೋಗೂದೈತಿ."

ದುರುಗವ್ವ ಅತ್ತೆಯ ಕಡೆ ತಿರುಗಿದಳು. "ಅತ್ತೀ, ಜರ್ಮನ್ ಅಂದ್ರ ದೇಶ ಅಂತ್ರಿ. ಭಾಂಡಿ ಅಲ್ಲ. ಯಾರೂ ನಿಮ್ಮ ಬೋಗಾಣಿ ಮುಟ್ಟಂಗಿಲ್ಲ. ಹಗೇವಿನಿಂದ ಹೊರಗ ತಗೀರಿ. ಬುಟ್ಟಿ ಬೇಕಂತ ನನ್ನ ಕರಿಯಾಕ ಬಂದಿದ್ರ ಈಗ ಹೋಗಿಬಿಡ್ರಿ. ನಾಳೆ ಗೊತ್ತಾದ ಮ್ಯಾಲ ಮತ್ತ ನನ್ನ ಗಾಡಿ ಹತ್ತಿಸಿ ಕಳಿಸಿದ್ರ ನಾ ಈ ಓಣ್ಯಾಗ ಹೆಂಗ ತಲಿ ಎತ್ತಲಿ?"

ಮೊರ ಹೊಳಿಯಮ್ಮನ ಕೈಯಲ್ಲಿ ಓರೆಯಾಯಿತು. ನಾಲ್ಕು ಕಾಳು ಅಕ್ಕಿ ನೆಲಕ್ಕೆ ಬಿದ್ದವು. ಮಗಳ ಬಾಯಿಗೆ ಹೊಡೆಯಬೇಕು ಅನ್ನಿಸಿತು. ಮರುಗಳಿಗೆ ತನ್ನ ಬಾಯಿಗೇ ಹೊಡೆದುಕೊಳ್ಳಬೇಕು ಅನ್ನಿಸಿತು. ಮೂರು ದಿನ ತಾನು ಯಾವುದನ್ನು ಕೇಳಿಸಿಕೊಳ್ಳಲಿಲ್ಲವೋ ಅದನ್ನು ಹುಡುಗಿ ಒಬ್ಬಳೇ ಕೂತು ಯೋಚಿಸಿದ್ದಳು. ಇನ್ನು ಮುಗಿಯಿತು. ಗಾಡಿ ಬರಿದೇ ತಿರುಗುತ್ತದೆ, ಓಣಿಯೆಲ್ಲ ನೋಡುತ್ತದೆ. ಹೊಳಿಯಮ್ಮ ಮೊರ ಕೆಳಗಿಟ್ಟು ಕಂಬಳಿಯ ಅಂಚಿಗೆ ಕೂತುಬಿಟ್ಟಳು.

ಮುದುಕವ್ವ ಬಾಗಿಲ ಕಡೆ ನೋಡಿದಳು. ಹೊರಗೆ ಎತ್ತಿನ ಕೊರಳ ಗೆಜ್ಜೆ ಸದ್ದಾಗುತ್ತಿತ್ತು.

"ನಂಗ ಗೊತ್ತಿಲ್ಲೇನ ಅದು?" ಅಂದಳು.

ದುರುಗವ್ವ ತಲೆ ಎತ್ತಿ ಅತ್ತೆಯನ್ನು ನೋಡಿದಳು.

"ನಮ್ಮೂರ ಸಾಲಿ ಮಾಸ್ತರ ಮೊನ್ನೆನ ಹೇಳ್ಯಾನ. ಬೋಗಾಣಿ ಎಲ್ಲಾ ಹೊರಗ ಬಂದು ಎರಡು ದಿನ ಆತು."

"ಮತ್ತ..." ಎಂದು ಹೊಳಿಯಮ್ಮ ಬಾಯಿ ತೆರೆದಳು.

"ಮತ್ತೇನ ಮತ್ತ? ಹೇಳಿ ಕಳಿಸಿದ್ದೆ, ಬರ್ತೀನಿ ಅಂತ. ಇನ್ನೊಂದು ನೆಪ ಎಲ್ಲಿಂದ ತರ್ಲಿ? ಐದು ಬೋಗಾಣಿ ಅಂತ ಊರ ಮುಂದ ಅಂದಾಕಿ ನಾನ. ನೆಪ ಇಲ್ದ ಹಂಗ ಬಂದಿದ್ರ ಮಂದಿ ನಗ್ತಿದ್ರು." ಸ್ವಲ್ಪ ತಡೆದು, ಯಾರ ಮುಖವನ್ನೂ ನೋಡದೆ ಹೇಳಿದಳು: "ಏಳು ಮಂದಿ ಉಣ್ಣೋರು ಮನಿಯಾಗ. ಉಡಿ ತುಂಬ್ರಿ ಬೀಗತಿ, ಎತ್ತು ಬಿಸಲಾಗ ನಿಂತಾವ."

ಹೊಳಿಯಮ್ಮ ಮೊರ ಎತ್ತಿಕೊಂಡಳು. ದುರುಗವ್ವ ಸೆರಗು ಒಡ್ಡಿದಳು, ಆದರೆ ಅಂಚು ಕೈಯಿಂದ ಜಾರಿತು. ಮುದುಕವ್ವ ಸರಿದು ಬಂದು, ಉಂಡ ಮೇಲೆ ಮತ್ತೆ ಸೆರಗಿನೊಳಗೆ ಸುತ್ತಿಕೊಂಡಿದ್ದ ಕೈಗಳನ್ನು ತೆಗೆದು ಸೊಸೆಯ ಉಡಿಯ ಎರಡೂ ತುದಿ ಹಿಡಿದಳು. ಬಳೆಗಳು ಮೇಲೆ ಸರಿದವು. ಮಣಿಕಟ್ಟಿನಿಂದ ಮೊಣಕೈವರೆಗೆ ರೊಟ್ಟಿಯ ಹಂಚು ತಾಗಿ ಸುಟ್ಟ ಗೆರೆಗಳು, ಒಂದರ ಪಕ್ಕ ಒಂದು, ಕೆಲವು ಕಪ್ಪಾಗಿ ಹಳತಾದವು, ಒಂದೆರಡು ಇನ್ನೂ ಹಸಿ. ಎಡಗೈಯ ಬೆರಳುಗಳಿಗೆ ಅರಿಷಿಣ ಮೆತ್ತಿ ಬಟ್ಟೆ ಸುತ್ತಿತ್ತು.

ಹೊಳಿಯಮ್ಮ ಐದು ಬೊಗಸೆ ಅಕ್ಕಿ ಹಾಕಬೇಕಿತ್ತು. ಒಂದು ಹಾಕಿದಳು, ಎರಡು ಹಾಕಿದಳು. ಆಮೇಲೆ ಎಷ್ಟು ಹಾಕಿದೆನೆಂಬುದು ಮರೆತು ಆ ಕೈಗಳನ್ನೇ ನೋಡುತ್ತ ಕೂತಳು.

"ಲೆಕ್ಕ ತಪ್ಪಿತೇನ್ರಿ?" ಕೇಳಿದಳು ಮುದುಕವ್ವ.

"ಹೂಂ."

"ಆಗ್ಲೇಳ್ರಿ. ಮೊದಲಿಂದ ಹಾಕ್ರಿ. ನಾ ಹಿಡಕೊಂಡೀನಿ."